ಮಕ್ಕಳ ಸಂತೆಯಲ್ಲಿ 34ಕ್ಕೆ 34 ಅಂಗಡಿಗೂ ಲಾಭ! ಹೈಸ್ಕೂಲು ಮಕ್ಕಳಿಗೆ ವ್ಯಾಪಾರ ಕಲಿಸುವುದು ಹೇಗೆ?

ಸಮಾಜ ಮೇಷ್ಟ್ರು · ಜುಲೈ 6, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮಳೆ ಜೋರಾಗಿದೆ, ಕರೆಂಟ್ ಇಲ್ಲ, ಮೊಬೈಲಿನಲ್ಲಿ 30 ಪರ್ಸೆಂಟ್ ಚಾರ್ಜ್ ಇದೆ. ಅಷ್ಟರಲ್ಲಿ ಬರೆದು ಮುಗಿಸುತ್ತೇನೆ.

ಕಳೆದ ವರ್ಷ ನಮ್ಮ ಶಾಲೆಯಲ್ಲಿ ಮಕ್ಕಳ ಸಂತೆ ಮಾಡಿದೆವು. 34 ಅಂಗಡಿ. ಸೊಪ್ಪು, ಬಾಳೆಹಣ್ಣು, ಚುರುಮುರಿ, ಕಡಂಬುಟ್ಟು, ಬಟರ್ ಫ್ರೂಟ್ ಜ್ಯೂಸು. ಊರಿನವರು ಬಂದರು, ಫೋಟೋ ತೆಗೆದರು, ಸಂಜೆಗೆ ಎಲ್ಲಾ ಖಾಲಿ. ಮರುದಿನ ಕ್ಲಾಸಿನಲ್ಲಿ ಲೆಕ್ಕ ಕೇಳಿದೆ. 34ಕ್ಕೆ 34 ಅಂಗಡಿಗೂ ಲಾಭ.

ಜ್ಯೂಸ್ ಮಾರಿದ ಹುಡುಗಿಯ ಲೆಕ್ಕ ಹೀಗಿತ್ತು. ಬಂದದ್ದು 620, ಖರ್ಚು 40, ಲಾಭ 580. ಖರ್ಚು ಯಾವುದಮ್ಮಾ ಅಂದೆ. ಪೇಪರ್ ಲೋಟ ಸರ್. ಹಣ್ಣು? ಮನೇದು ಸರ್. ಹಾಲು? ಮನೇದು ಸರ್. ಸಕ್ಕರೆ? ಅದೂ ಮನೇದೇ. ಹಣ್ಣು ಬಿಡಿಸಿ ಕೊಟ್ಟವರು ಯಾರು? ಅಮ್ಮ ಸರ್. ಅಮ್ಮನೂ ಮನೆಯವರೇ ಅಲ್ವಾ, ಹಾಗಾಗಿ ಲೆಕ್ಕಕ್ಕಿಲ್ಲ.

ಹತ್ತನೇ ಕ್ಲಾಸಿನ ಸಮಾಜದಲ್ಲಿ ವ್ಯವಹಾರ ಅಧ್ಯಯನ ಅಂತ ಒಂದು ಭಾಗ ಇದೆ. ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕ ಶಿಕ್ಷಣ. ಕೊನೆಯಲ್ಲಿ ಬರುವ ಪಾಠ, ಓಡಿಸಿಕೊಂಡು ಮುಗಿಸುತ್ತೇವೆ. ಉದ್ಯಮಿಯ ಗುಣಗಳು ಯಾವುವು ಅಂದರೆ ಮಕ್ಕಳು ಗಡಗಡ ಹೇಳುತ್ತಾರೆ. ಅಪ್ಪನ ಕಾಫಿ ಚೀಲಕ್ಕೆ ವ್ಯಾಪಾರಿ ಕೊಟ್ಟ ಚೀಟಿಯನ್ನು ಓದಲು ಒಬ್ಬರಿಗೂ ಬರುವುದಿಲ್ಲ.

ಈ ವರ್ಷ ಹೆಡ್‌ಮಾಸ್ಟರ್ ಒಂಬತ್ತನೇ ಕ್ಲಾಸಿಗೆ ಶನಿವಾರ ಒಂದು ಪೀರಿಯಡ್ ಕೊಟ್ಟಿದ್ದಾರೆ. 42 ಮಕ್ಕಳು. ಅರ್ಧದಷ್ಟು ಸಣ್ಣ ಬೆಳೆಗಾರರ ಮಕ್ಕಳು, ಉಳಿದವರಲ್ಲಿ ಜಾಸ್ತಿ ಲೈನ್ ಮನೆಯವರು (ತೋಟದ ಕೂಲಿಯವರ ಸಾಲು ಮನೆಗಳ ಮಕ್ಕಳು), ನಾಲ್ಕೈದು ಜನ ಪೇಟೆ ಅಂಗಡಿಯವರು. ಏನು ಮಾಡಿಸಲಿ?

ತೋಟದವ · ಜುಲೈ 6, ರಾತ್ರಿ 10.05

ಮೇಷ್ಟ್ರೇ, 'ಮನೇದು ಸರ್' ಅನ್ನುವ ಕಾಯಿಲೆ ಮಕ್ಕಳಿಗೆ ಮಾತ್ರ ಅಂದುಕೊಂಡಿರಾ? ನನಗೆ ಸಿದ್ದಾಪುರದ ಹತ್ತಿರ 9 ಎಕರೆ ತೋಟ. ಇಪ್ಪತ್ತು ವರ್ಷ ಇದೇ ಲೆಕ್ಕ ಬರೆದವನು ನಾನು. ಕಾಳುಮೆಣಸಿನ ದುಡ್ಡು ಕಾಫಿಯ ಗೊಬ್ಬರಕ್ಕೆ, ಕಾಫಿಯ ದುಡ್ಡು ಮಗಳ ಫೀಸಿಗೆ, ಬಾಳೆಗೊನೆಯ ದುಡ್ಡು ಜೇಬಿಗೆ. ಎಲ್ಲ ಒಂದೇ ಡಬ್ಬಿ. ಒಂದು ವರ್ಷ ಹೆಂಡತಿ ಹಠ ಹಿಡಿದು ಬೇರೆ ಬೇರೆ ಪುಸ್ತಕ ಮಾಡಿಸಿದಳು. ಮೇಲಿನ ಅರೇಬಿಕಾ ಕಾಫಿಯ ತುಂಡು ಪ್ರತಿ ವರ್ಷ ನಷ್ಟದಲ್ಲೇ ಇತ್ತು ಅಂತ ಆಗ ಗೊತ್ತಾಯಿತು. ಅಷ್ಟು ವರ್ಷ ಮೆಣಸಿನ ಬಳ್ಳಿ ಅದನ್ನು ಹೊತ್ತುಕೊಂಡಿತ್ತು.

ಇದಕ್ಕೆ ಒಂದು ಕಾರಣ ನಮ್ಮ ಇತಿಹಾಸದಲ್ಲೂ ಇದೆ ಅನಿಸುತ್ತದೆ. ಕಾಫಿ ಬೋರ್ಡ್ ಶುರುವಾದದ್ದು 1942ರಲ್ಲಿ. ಆಮೇಲೆ ಬೆಳೆದದ್ದನ್ನೆಲ್ಲ ಪೂಲಿಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರುವ ಬೋರ್ಡಿನ ದಾಸ್ತಾನಿಗೆ, ಹಾಕಬೇಕಿತ್ತು. ಬೋರ್ಡ್ ಮಾರುತ್ತಿತ್ತು, ಕಂತಿನಲ್ಲಿ ದುಡ್ಡು ಬರುತ್ತಿತ್ತು. ನನ್ನ ತಾತ ಬದುಕಿಡೀ ಬೆಳೆದರು, ಒಂದು ಸಲವೂ ಬೆಲೆ ಚೌಕಾಸಿ ಮಾಡಲಿಲ್ಲ. ಪೂಲ್ ಹೋದದ್ದು 1990ರ ದಶಕದಲ್ಲಿ. ಅಂದರೆ ನಾವು ಮಾರಲು ಕಲಿಯುತ್ತಿರುವುದು ಸುಮಾರು 30 ವರ್ಷದಿಂದ. ನಿಮ್ಮ ಮಕ್ಕಳ ಅಪ್ಪಂದಿರು ಮೊದಲ ತಲೆಮಾರಿನ ವ್ಯಾಪಾರಿಗಳು.

ನನ್ನ ಸಲಹೆ ಇಷ್ಟು. ಅಂಗಡಿ ಇಡಿಸುವ ಮೊದಲು ಆ ಚೀಟಿಯನ್ನೇ ಪಾಠ ಮಾಡಿ. 50 ಕೆಜಿ ಒಣ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಒಡೆಸಿದರೆ ಎಷ್ಟು ಕೆಜಿ ಕ್ಲೀನ್ ಕಾಫಿ, ಅಂದರೆ ಸಿಪ್ಪೆ ತೆಗೆದ ಬೀಜ, ಸಿಗುತ್ತದೋ ಅದೇ ಓಟಿ (ಔಟ್‌ಟರ್ನ್). ಓಟಿಗೆ 300 ರೂಪಾಯಿ ಅಂತ ಇಟ್ಟುಕೊಳ್ಳಿ. 26 ಓಟಿ ಬಂದರೆ ಚೀಲಕ್ಕೆ 7,800. 28 ಬಂದರೆ 8,400. ಎರಡು ಓಟಿಗೆ 600 ರೂಪಾಯಿ. 40 ಚೀಲ ಇದ್ದರೆ 24,000. ಸರಿಯಾಗಿ ಒಣಗಿಸಿದ್ದೀರಾ, ಸ್ಯಾಂಪಲ್ ಎಲ್ಲಿಂದ ತೆಗೆದರು, ಮಾಯಿಶ್ಚರ್ ಮೀಟರಿನಲ್ಲಿ ಎಷ್ಟು ತೋರಿಸಿತು, ಎಲ್ಲ ಆ ಎರಡು ಅಂಕಿಯ ಒಳಗೆ ಅಡಗಿದೆ. ಇದಕ್ಕಿಂತ ಒಳ್ಳೆಯ ಗಣಿತ ಬೇಕಾ?

ಬೆಂಗಳೂರು ಬಸ್ಸು · ಜುಲೈ 7, ಬೆಳಿಗ್ಗೆ 8.40

ಒಳ್ಳೆಯ ಚರ್ಚೆ. ಊರು ಸೋಮವಾರಪೇಟೆ, ಕೆಲಸ ಬೆಂಗಳೂರಿನಲ್ಲಿ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2019ರಲ್ಲಿ 9ರಿಂದ 12ನೇ ಕ್ಲಾಸಿಗೆ ಉದ್ಯಮಶೀಲತೆಯದ್ದೇ ಒಂದು ಪಠ್ಯಕ್ರಮ ತಂದರು. 2021ರಲ್ಲಿ 'ಬಿಸಿನೆಸ್ ಬ್ಲಾಸ್ಟರ್ಸ್' ಅಂತ ಮಾಡಿ 11, 12ನೇ ಕ್ಲಾಸಿನ ಮಕ್ಕಳಿಗೆ ತಲೆಗೆ 2,000 ರೂಪಾಯಿ ಬಂಡವಾಳ ಕೊಟ್ಟರು. ಮಕ್ಕಳು ಗುಂಪು ಕಟ್ಟಿಕೊಂಡು ವ್ಯಾಪಾರ ಮಾಡಿದರು, ಚೆನ್ನಾಗಿ ಮಾಡಿದವರು ಹೂಡಿಕೆದಾರರ ಮುಂದೆ ನಿಂತು ಮಾತಾಡಿದರು. ನಮ್ಮಲ್ಲೂ ಹಾಗೆ ದೊಡ್ಡದಾಗಿ ಯೋಚಿಸಬೇಕು ಮೇಷ್ಟ್ರೇ. ಆ್ಯಪ್, ಬ್ರ್ಯಾಂಡ್, ಲೋಗೋ. ಓಟಿ, ಚೀಟಿ ಅಂದರೆ ಮಕ್ಕಳಿಗೆ ಬೋರ್ ಆಗಲ್ವಾ?

ತೋಟದವ · ಜುಲೈ 7, ಬೆಳಿಗ್ಗೆ 9.10

ರೋಬಸ್ಟಾ ಬೆಲೆ ತೀರ್ಮಾನ ಆಗುವುದು ಲಂಡನ್ ಪೇಟೆಯಲ್ಲಿ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ಇದಕ್ಕಿಂತ ದೊಡ್ಡದಾಗಿ ಯೋಚಿಸಬೇಕಾ ತಮ್ಮಾ?

ಕಾಡಂಚಿನ ಟೀಚರ್ · ಜುಲೈ 7, ಸಂಜೆ 6.15

ನಾನು ಪೊನ್ನಂಪೇಟೆ ತಾಲ್ಲೂಕಿನವಳು. ಎಲ್ಲರೂ ತೋಟ ಇರುವ ಮಕ್ಕಳ ಮಾತೇ ಆಡುತ್ತಿದ್ದೀರಿ. ಲೈನ್ ಮನೆಯ ಮಗುವಿಗೆ 'ಮನೇದು ಸರ್' ಅನ್ನಲು ಮನೆಯಲ್ಲಿ ಏನಿದೆ? ಬಟರ್ ಫ್ರೂಟ್ ಮರ ಸಾಹುಕಾರರದ್ದು. ಹಾಲು ಪ್ಯಾಕೆಟಿನದ್ದು. ಮಕ್ಕಳ ಸಂತೆ ದಿನ ಆ ಮಕ್ಕಳು ಬೇರೆಯವರ ಅಂಗಡಿಯಲ್ಲಿ ಲೋಟ ತೊಳೆಯುತ್ತಾ ನಿಂತಿದ್ದನ್ನು ನಾನು ನೋಡಿದ್ದೇನೆ. ಮೇಷ್ಟ್ರೇ, ನಿಮ್ಮ 34 ಅಂಗಡಿಯಲ್ಲಿ ಅವರದ್ದು ಎಷ್ಟಿತ್ತು?

ಇನ್ನೊಂದು ಮಾತು. ಲೆಕ್ಕದಲ್ಲಿ ಅವರು ಹಿಂದೆ ಇಲ್ಲ. ಕಾಫಿ ಕೊಯ್ಲಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ನನ್ನ ಕ್ಲಾಸಿನ ಒಬ್ಬ ಯರವ ಬುಡಕಟ್ಟಿನ ಹುಡುಗಿ ಪುಸ್ತಕದ ಲೆಕ್ಕಕ್ಕೆ ಸೊನ್ನೆ ತಗೊಳ್ಳುತ್ತಿದ್ದಳು. ಒಂದು ದಿನ ಅಮ್ಮನ ವಾರದ ಕೂಲಿಯನ್ನು ಬಾಯಲ್ಲೇ ಕೂಡಿಸಿ ಹೇಳಿದಳು. ತೂಕದಲ್ಲಿ ಗೋಣಿಚೀಲಕ್ಕೆ ಅಂತ ಎರಡು ಸಲ ಕಳೆದಿದ್ದಾರೆ ಅಂತಲೂ ಹೇಳಿದಳು. ಅವಳು ಹೇಳಿದ್ದೇ ಸರಿ ಇತ್ತು.

ಡಿಸೆಂಬರಿನಿಂದ ಫೆಬ್ರವರಿವರೆಗೆ ಕೊಯ್ಲು. ಆಗ ಹಾಜರಿ ಬೀಳುತ್ತದೆ. ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಇವರು ಮನೆಯಲ್ಲಿ ಉಳಿಯುತ್ತಾರೆ, ಕೆಲವರು ತೋಟಕ್ಕೂ ಹೋಗುತ್ತಾರೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಪ್ರಕಾರ 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ದಿನದ ಶಾಲೆ ಮುಗಿದ ಮೇಲೆ ಮನೆಯ ಸ್ವಂತ ಕಸುಬಿಗೆ ಕೈಜೋಡಿಸಬಹುದು, ಅಷ್ಟೇ. ವ್ಯಾಪಾರ ಕಲಿಸುತ್ತೇವೆ ಅಂತ ಹೊರಟು ಮಕ್ಕಳನ್ನು ಶಾಲೆಯ ಹೆಸರಿನಲ್ಲಿ ದುಡಿಸುವ ಹಾಗೆ ಆಗಬಾರದು. ನಿಮ್ಮ ಯೋಜನೆಯನ್ನು ಡಿಸೆಂಬರಿಗೆ ಮೊದಲೇ ಮುಗಿಸಿ.

ಸಮಾಜ ಮೇಷ್ಟ್ರು · ಜುಲೈ 7, ರಾತ್ರಿ 9.00

ಟೀಚರ್, ಹಳೇ ಪಟ್ಟಿ ತೆಗೆದು ನೋಡಿದೆ. ಲೈನ್ ಮನೆ ಮಕ್ಕಳ ಅಂಗಡಿ ಎರಡು. ಎರಡೂ ಸೊಪ್ಪಿನದ್ದು. ನಾಚಿಕೆ ಆಯಿತು.

ಎರಡು ಮಕ್ಕಳ ತಾಯಿ · ಜುಲೈ 8, ಮಧ್ಯಾಹ್ನ 2.30

ಎಲ್ಲರೂ ಬೈದರೂ ಪರವಾಗಿಲ್ಲ, ನಾನು ಹೇಳುತ್ತೇನೆ. ನನ್ನ ಮಗ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಶನಿವಾರ ಒಂದು ಪೀರಿಯಡ್ ಇದ್ದರೆ ಗಣಿತ ಮಾಡಿಸಿ. ಮಳೆಗಾಲದಲ್ಲಿ ರಜೆಯೇ ಅಷ್ಟು ಹೋಗುತ್ತದೆ. ವ್ಯಾಪಾರ ಯಾರಿಗೂ ಶಾಲೆಯಲ್ಲಿ ಬರುವುದಿಲ್ಲ, ಬಿದ್ದು ಎದ್ದು ಬರುತ್ತದೆ. ದುಡ್ಡಿನ ರುಚಿ ಈಗಲೇ ಹತ್ತಿಸಿದರೆ ಆಮೇಲೆ ಪುಸ್ತಕ ಯಾರು ಹಿಡಿಯುತ್ತಾರೆ?

ಹಳೇ ಬೆಂಚು · ಜುಲೈ 8, ಸಂಜೆ 7.45

ಅಕ್ಕಾ, ಬಿದ್ದು ಎದ್ದು ಬರುತ್ತದೆ ಅಂದಿರಿ. ನಮ್ಮ ಮನೆ ಬಿದ್ದದ್ದು ಹೇಗೆ ಅಂತ ಹೇಳುತ್ತೇನೆ.

ಅಪ್ಪ 2017ರಲ್ಲಿ ಸಾಲ ತೆಗೆದು ಮನೆ ಪಕ್ಕ ಮೂರು ರೂಮ್ ಕಟ್ಟಿಸಿದರು, ಹೋಂಸ್ಟೇಗೆ. ಮಡಿಕೇರಿಯಿಂದ ಸ್ವಲ್ಪ ದೂರ. ನಾನಾಗ ಒಂಬತ್ತನೇ ಕ್ಲಾಸು. ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿದ್ದರು, ಈಗಲೂ ನನ್ನ ಹತ್ತಿರ ಇದೆ. ರೂಮಿಗೆ ಇಷ್ಟು, ಮೂರು ರೂಮಿಗೆ ಇಷ್ಟು, ಇಂಟು 365. ಅಷ್ಟೇ! ಜೂನ್, ಜುಲೈಯಲ್ಲಿ ಯಾರು ಬರುತ್ತಾರೆ, ಸೋಮವಾರ ರಾತ್ರಿ ಯಾರು ಬರುತ್ತಾರೆ ಅಂತ ಕೇಳುವವರಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿಯಿತು. ನಮ್ಮ ಮನೆಗೆ ಏನೂ ಆಗಲಿಲ್ಲ, ಆದರೆ ಟೂರಿಸ್ಟ್ ನಿಂತರು. ಚೇತರಿಸಿಕೊಳ್ಳುವಷ್ಟರಲ್ಲಿ 2019ರ ಮಳೆ, 2020ರಲ್ಲಿ ಕೊರೊನಾ. ಬಡ್ಡಿ ಮಾತ್ರ ಒಂದು ದಿನವೂ ರಜೆ ಹಾಕಲಿಲ್ಲ.

ನನಗೆ ಗಣಿತದಲ್ಲಿ 80ರ ಮೇಲೆ ಬರುತ್ತಿತ್ತು. ಬಡ್ಡಿ ಲೆಕ್ಕ ಬಾಯಿಪಾಠ. ಆದರೂ ಆ ನೋಟ್‌ಬುಕ್ ನೋಡಿ 'ಅಪ್ಪಾ, 365 ಯಾಕೆ ಹಾಕಿದ್ದೀರಿ' ಅಂತ ಕೇಳಬೇಕು ಅನ್ನುವುದು ಹೊಳೆಯಲಿಲ್ಲ. ಅದನ್ನು ಕೇಳಲು ಕಲಿಸಿದರೆ ಸಾಕು. ಲೋಗೋ ಆಮೇಲೆ ಬರೆದುಕೊಳ್ಳೋಣ.

ಎರಡು ಮಕ್ಕಳ ತಾಯಿ · ಜುಲೈ 8, ರಾತ್ರಿ 8.20

ಓದಿ ಬೇಜಾರಾಯಿತು ತಮ್ಮಾ. ಅಪ್ಪ ಚೆನ್ನಾಗಿದ್ದಾರಾ?

ಹಳೇ ಬೆಂಚು · ಜುಲೈ 8, ರಾತ್ರಿ 8.31

ಚೆನ್ನಾಗಿದ್ದಾರೆ ಅಕ್ಕಾ. ಎರಡು ರೂಮಿನಲ್ಲಿ ಈಗ ಕಾಳುಮೆಣಸು ತುಂಬಿಟ್ಟಿದ್ದಾರೆ.

ಪೇಟೆ ಅಂಗಡಿ · ಜುಲೈ 9, ಬೆಳಿಗ್ಗೆ 7.05

ಕುಶಾಲನಗರದಲ್ಲಿ ದಿನಸಿ ಅಂಗಡಿ ನಮ್ಮದು. ಅಂಗಡಿ ತೆರೆಯುವ ಮೊದಲು ಎರಡು ಮಾತು.

ಮಕ್ಕಳ ಸಂತೆಯಲ್ಲಿ ಕೊಂಡವರು ಯಾರು? ಮೇಷ್ಟ್ರು, ಟೀಚರು, ಅಪ್ಪ, ಅಮ್ಮ, ಚಿಕ್ಕಪ್ಪ. ಅದು ವ್ಯಾಪಾರ ಅಲ್ಲ, ಮುಯ್ಯಿ. ಮುಖ ನೋಡಿ ಕೊಳ್ಳುತ್ತಾರೆ, ಚಿಲ್ಲರೆ ಬಿಟ್ಟು ಹೋಗುತ್ತಾರೆ. ಮಡಿಕೇರಿ ಶುಕ್ರವಾರ ಸಂತೆಯಲ್ಲಿ ಒಂದು ಗಂಟೆ ನಿಲ್ಲಿಸಿ. ಗುರುತಿಲ್ಲದವರು ಬಂದು ಸೊಪ್ಪಿನ ಕಟ್ಟು ಎತ್ತಿ, ಮೂಸಿ, ಬೆಲೆ ಕೇಳಿ, ವಾಪಸ್ ಇಟ್ಟು ಹೋಗುತ್ತಾರಲ್ಲ, ಆ ಅನುಭವ ಒಂದು ಸಲ ಆಗಬೇಕು. ನನಗೆ ಹನ್ನೆರಡನೇ ವಯಸ್ಸಿನಲ್ಲಿ ಆಗಿತ್ತು, ಅತ್ತುಬಿಟ್ಟಿದ್ದೆ.

ಎರಡನೆಯದು ಉದ್ರಿ. ಯಾವ ಪಾಠದಲ್ಲಿ ಇದನ್ನು ಕಲಿಸುತ್ತಾರೋ ಗೊತ್ತಿಲ್ಲ. ನೆಂಟರಿಗೆ ಉದ್ರಿ ಇಲ್ಲ ಅನ್ನುವುದು ಹೇಗೆ? ಮುಖ ಕೆಡದ ಹಾಗೆ ಹೇಳುವುದು ಒಂದು ವಿದ್ಯೆ. ನಮ್ಮ ತಂದೆ 'ಚೀಟಿ ಪುಸ್ತಕ ಮುಗಿದಿದೆ, ಹೊಸದು ತರಬೇಕು' ಅನ್ನುತ್ತಿದ್ದರು. ಹತ್ತು ವರ್ಷ ಅದೇ ಪುಸ್ತಕ ಮುಗಿದಿತ್ತು.

ಹಾಗೇ ಸುಳ್ಳು ಹೇಳಿ ಮಾರಬಾರದು ಅನ್ನುವುದನ್ನೂ ಕಲಿಸಿ. ಕೊಡಗಿನ ಕಿತ್ತಳೆಗೆ 2006ರಲ್ಲೇ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ರಸ್ತೆ ಬದಿಯಲ್ಲಿ ಆ ಹೆಸರು ಹೇಳಿ ಮಾರುವ ಹಣ್ಣೆಲ್ಲ ಕೊಡಗಿನದಲ್ಲ ಅಂತ ನಮಗೆಲ್ಲ ಗೊತ್ತು. ಒಂದು ಸಲ ಮೋಸ ಹೋದ ಗಿರಾಕಿ ಮುಂದಿನ ಸಲ ನಿಜವಾದ ಹಣ್ಣನ್ನೂ ನಂಬುವುದಿಲ್ಲ.

ಅಮ್ಮತ್ತಿ ಅಕ್ಕ · ಜುಲೈ 10, ರಾತ್ರಿ 8.50

ನಮ್ಮದು ಸ್ತ್ರೀಶಕ್ತಿ ಸಂಘ. ಉಪ್ಪಿನಕಾಯಿ, ಕಾಚಂಪುಳಿ (ಹುಳಿ ಹಣ್ಣಿನ ರಸ ಕುದಿಸಿ ಮಾಡುವ, ಅಡುಗೆಗೆ ಹಾಕುವ ಕಪ್ಪು ಹುಳಿ), ಮಸಾಲೆ ಪುಡಿ ಮಾಡುತ್ತೇವೆ. ಮೇಷ್ಟ್ರೇ, ನೀವು ಬರೆದ ಆ ಹುಡುಗಿಯ ಅಮ್ಮನ ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ.

ಕಾಚಂಪುಳಿ ಹೇಗೆ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು. ಮಳೆಯಲ್ಲಿ ಬಿದ್ದ ಹಣ್ಣು ಆರಿಸಬೇಕು. ಬುಟ್ಟಿಯಲ್ಲಿ ಕೊಳೆಯಲು ಇಟ್ಟು ರಸ ಇಳಿಸಬೇಕು. ಆಮೇಲೆ ಕಪ್ಪಗೆ, ಗಟ್ಟಿಯಾಗುವವರೆಗೆ ಕುದಿಸಬೇಕು. ಗಂಟೆಗಟ್ಟಲೆ ಒಲೆ ಮುಂದೆ. ಮೊದಲ ವರ್ಷ ನಾವು ಬೆಲೆ ಇಟ್ಟಾಗ ಬಾಟಲಿಯ ದುಡ್ಡು ಮತ್ತು ಮೇಲೆ ಸ್ವಲ್ಪ, ಅಷ್ಟೇ ಸೇರಿಸಿದ್ದೆವು. ಹಣ್ಣು ಬಿದ್ದದ್ದು, ಸೌದೆ ಮನೇದು, ನಾವು ಮನೆಯವರು. ಬಂದವರು 'ಅಯ್ಯೋ ಎಷ್ಟು ಸಸ್ತಾ' ಅಂತ ಹತ್ತು ಹತ್ತು ಬಾಟಲಿ ಎತ್ತಿಕೊಂಡು ಹೋದರು. ನಮಗೆ ಖುಷಿಯೋ ಖುಷಿ. ನನ್ನ ಕೂಲಿ ಅಂತ ಒಂದು ಸಾಲು ಬರೆಯಲು ನನಗೆ ಆರು ವರ್ಷ ಬೇಕಾಯಿತು. ಬರೆದ ದಿನ ಬಾಟಲಿ ಬೆಲೆ ಎರಡು ಪಟ್ಟಾಯಿತು. ಅರ್ಧ ಗಿರಾಕಿಗಳು ಹೋದರು. ಉಳಿದ ಅರ್ಧದಲ್ಲಿ ನಮಗೆ ಮೊದಲ ಸಲ ದುಡ್ಡು ಉಳಿಯಿತು.

ಮಕ್ಕಳ ಲೆಕ್ಕದಲ್ಲಿ ಅಮ್ಮನ ಕೂಲಿ ಬರೆಸಿ. ಕೊಡದಿದ್ದರೂ ಪರವಾಗಿಲ್ಲ, ಬರೆಯಲಿ.

ಎರಡು ಮಕ್ಕಳ ತಾಯಿ · ಜುಲೈ 10, ರಾತ್ರಿ 9.15

ಅಕ್ಕಾ, ಅಮ್ಮನಿಗೆ ಕೂಲಿ ಬರೆಸುವುದಾ? ನಾಳೆ ಊಟಕ್ಕೂ ಬಿಲ್ ಮಾಡಿ ಅನ್ನುತ್ತಾವೆ ಮಕ್ಕಳು. ಕೆಲವು ವಿಷಯ ಲೆಕ್ಕದ ಹೊರಗೇ ಇರಲಿ.

ಅಮ್ಮತ್ತಿ ಅಕ್ಕ · ಜುಲೈ 10, ರಾತ್ರಿ 9.22

ಊಟ ಲೆಕ್ಕದ ಹೊರಗೆ ಇರಲಿ ತಂಗಿ, ನಾನೂ ಒಪ್ಪುತ್ತೇನೆ. 580 ರೂಪಾಯಿ ಲಾಭ ಅಂತ ಬೋರ್ಡಿನ ಮೇಲೆ ಬರೆದ ಮೇಲೆ ಅದು ಮನೆ ಅಲ್ಲ, ಅಂಗಡಿ.

ಬ್ಯಾಂಕ್ ಕೌಂಟರ್ · ಜುಲೈ 11, ಸಂಜೆ 6.40

ಸ್ವಲ್ಪ ಕಾನೂನಿನ ಕಡೆಯಿಂದ. 10 ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಲು ಬಿಡಬಹುದು ಅಂತ ಆರ್‌ಬಿಐ 2014ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಎಷ್ಟು ತೆಗೆಯಬಹುದು ಅನ್ನುವ ಮಿತಿ ಆಯಾ ಬ್ಯಾಂಕಿನದ್ದು. ಚಲನ್ ತುಂಬಲು ಬಾರದ ಡಿಗ್ರಿ ಮಕ್ಕಳನ್ನು ದಿನಾ ನೋಡುತ್ತೇನೆ. ಒಂದು ದಿನ ಕರೆದುಕೊಂಡು ಬನ್ನಿ, ಬುಧವಾರ ಮಾತ್ರ ಬೇಡ.

ಸಾಲ ಕೊಡುತ್ತೀರಾದರೆ ಒಂದು ಗೊತ್ತಿರಲಿ. 1872ರ ಕರಾರು ಕಾಯ್ದೆ ಪ್ರಕಾರ 18 ತುಂಬದವರು ಮಾಡಿಕೊಂಡ ಕರಾರಿಗೆ ಬೆಲೆ ಇಲ್ಲ. ನಿಮ್ಮ ದುಡ್ಡು ವಾಪಸ್ ಬರುವುದು ಮಕ್ಕಳ ಮಾತಿನ ಮೇಲೆ ಮಾತ್ರ. ತಿಂಡಿ ಮಾರುವುದನ್ನು ಖಾಯಂ ಮಾಡುವುದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಕಾಫಿ ಪುಡಿ ಮಾಡಿದರೆ ಚಿಕೋರಿ ಎಷ್ಟು ಅಂತ ಪ್ಯಾಕೆಟಿನ ಮೇಲೆ ಬರೆಯಬೇಕು, 49 ಪರ್ಸೆಂಟ್ ಮೀರುವಂತಿಲ್ಲ.

18 ದಾಟಿ ನಿಜವಾಗಿ ಏನಾದರೂ ಶುರು ಮಾಡುವ ಹುಡುಗರಿದ್ದರೆ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಮೊದಲನೆಯದು 1982ರಲ್ಲಿ ಉಜಿರೆಯಲ್ಲಿ ಶುರುವಾಯಿತು. ತರಬೇತಿ ಉಚಿತ.

ಸಮಾಜ ಮೇಷ್ಟ್ರು · ಜುಲೈ 13, ರಾತ್ರಿ 9.30

ಎಲ್ಲರಿಗೂ ಧನ್ಯವಾದ. ಶನಿವಾರದ ಪೀರಿಯಡ್ ಆಯಿತು. ಮೊದಲು ತೋಟದವರು ಹೇಳಿದ ಹಾಗೆ ಓಟಿ ಲೆಕ್ಕ ಮಾಡಿದೆವು. ಬೋರ್ ಆಗಲಿಲ್ಲ. ಒಬ್ಬ ಹುಡುಗ ಮನೆಗೆ ಹೋಗಿ ಅಪ್ಪನನ್ನು ಏನೇನೋ ಕೇಳಿ ಬೈಸಿಕೊಂಡು ಬಂದಿದ್ದಾನೆ.

ಆಮೇಲೆ ಏನು ಮಾರೋಣ ಅಂತ ಚೀಟಿಯಲ್ಲಿ ಬರೆಸಿದೆ. ಚಾಕೊಲೇಟ್ 11. ಮೆಹಂದಿ 4. ಹೋಮ್‌ಮೇಡ್ ವೈನ್ 1! ಅಬಕಾರಿ ಲೈಸೆನ್ಸ್ ಬೇಕು ಕಣೋ ಅಂದರೆ, 'ಮಡಿಕೇರಿ ರಸ್ತೆಯಲ್ಲಿ ಎಲ್ಲಾ ಕಡೆ ಬೋರ್ಡ್ ಇದೆಯಲ್ಲ ಸರ್' ಅಂತ ನನಗೇ ಪಾಠ ಮಾಡಿದ. ಕೊನೆಗೆ ಒಬ್ಬ ಲೈನ್ ಮನೆ ಹುಡುಗಿ ಎದ್ದು ನಿಂತು, 'ಸರ್, ಮದ್ದು ಸೊಪ್ಪು' ಅಂದಳು. ಇಡೀ ಕ್ಲಾಸು ಒಪ್ಪಿತು.

ಹೊರಗಿನವರಿಗೆ ಹೇಳುವುದಾದರೆ, ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ಕ್ಕೆ, ಕೊಡಗಿನ ಎಷ್ಟೋ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸವೋ ಹಿಟ್ಟೋ ಆಗಲೇಬೇಕು. ಆ ದಿನ ಅದರಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಅನ್ನುವ ನಂಬಿಕೆ. ಆಗಸ್ಟ್ 2ಕ್ಕೆ ಬೇಕೇ ಬೇಕು. 4ಕ್ಕೆ ಸುಮ್ನೆ ಕೊಟ್ಟರೂ ಬೇಡ. ಮಾಲು ಕೆಡುವುದು, ಗಿರಾಕಿಯ ಅವಸರ, ಬೆಲೆ ಏರಿ ಬೀಳುವುದು, ಎಲ್ಲ ಎರಡೇ ದಿನದಲ್ಲಿ ಕಣ್ಣೆದುರಿಗೆ.

ಆರಾರು ಜನರ 7 ಗುಂಪು. ಪ್ರತಿ ಗುಂಪಿನಲ್ಲೂ ಬೆಳೆಗಾರರ ಮನೆಯವರು, ಲೈನ್ ಮನೆಯವರು ಇಬ್ಬರೂ ಇರಬೇಕು. ನಾನು, ಹೆಡ್‌ಮಾಸ್ಟರ್, ವಿಜ್ಞಾನ ಟೀಚರ್ ಸೇರಿ ಗುಂಪಿಗೆ 300 ರೂಪಾಯಿ ಸಾಲ ಕೊಡುತ್ತೇವೆ. ಪುಸ್ತಕದಲ್ಲಿ ಖರ್ಚಿಗೆ ಮೂರು ಕಲಂ: ಕೊಂಡದ್ದು, ಮನೇದು, ಮೈಗೆಲಸ. 'ಮನೇದು' ಇದ್ದರೆ ಪೇಟೆ ಬೆಲೆ ಹಾಕಬೇಕು. ಮೈಗೆಲಸಕ್ಕೆ ಗಂಟೆಗೆ 20 ರೂಪಾಯಿ ಅಂತ ಅವರೇ ತೀರ್ಮಾನಿಸಿದರು. ಕಡಿಮೆ ಅಂದೆ. 'ನಾವು ಅಷ್ಟೇ ಕೆಲಸ ಮಾಡುವುದು ಸರ್' ಅಂದರು.

ಕಾಡಂಚಿನ ಟೀಚರ್ · ಜುಲೈ 13, ರಾತ್ರಿ 9.55

ಸೊಪ್ಪು ಸೂಚಿಸಿದ ಹುಡುಗಿಯ ಕೈಯಲ್ಲಿ ಪುಸ್ತಕ ಕೊಡಿ. ಲೋಟ ತೊಳೆಯುವ ಕೆಲಸ ಬೇರೆಯವರಿಗೆ ಇರಲಿ.

ಬೆಂಗಳೂರು ಬಸ್ಸು · ಜುಲೈ 14, ಬೆಳಿಗ್ಗೆ 8.10

ಸರಿ, ಲೋಗೋ ಮಾತು ವಾಪಸ್ ತಗೊಂಡೆ. ಬೆಂಗಳೂರಿನಲ್ಲಿ ಮದ್ದು ಸೊಪ್ಪಿಗೆ ಹುಡುಕಾಡುವ ನಮ್ಮಂಥವರು ಎಷ್ಟು ಜನ ಇದ್ದೇವೆ ಗೊತ್ತಾ? ಕೊಡಗಿನ ಒಳಗೇ ಯಾಕೆ ಮಾರುತ್ತೀರಿ? ಸೊಪ್ಪು ಇಲ್ಲದ ಕಡೆ ಮಾರಿ.

ಸಮಾಜ ಮೇಷ್ಟ್ರು · ಆಗಸ್ಟ್ 5, ರಾತ್ರಿ 8.40

ತಡವಾಯಿತು, ಕ್ಷಮಿಸಿ. ಜುಲೈ ಕೊನೆಯಲ್ಲಿ ಮಳೆ ರಜೆ ಮೇಲೆ ರಜೆ. ಆದರೂ ಮುಗಿಸಿದೆವು.

ಫಲಿತಾಂಶ: 7 ಗುಂಪಿನಲ್ಲಿ 4ಕ್ಕೆ ಸಣ್ಣ ಲಾಭ, 1ಕ್ಕೆ ದೊಡ್ಡ ಲಾಭ, 1 ಸಮ ಸಮ, 1ಕ್ಕೆ ನಷ್ಟ. ಅಂತೂ 34ಕ್ಕೆ 34 ತಪ್ಪಿತು!

ಆಗಸ್ಟ್ 2ರ ಸಂಜೆ ಪೇಟೆಗೆ ಹೋದರೆ ಇಡೀ ಕೊಡಗೇ ಮದ್ದು ಸೊಪ್ಪು ಹೊತ್ತು ತಂದಿತ್ತು. ಕಟ್ಟಿಗೆ 20 ಅಂತ ಶುರುವಾದ ಬೆಲೆ ಗಂಟೆಯೊಳಗೆ 10ಕ್ಕೆ ಇಳಿಯಿತು. ದೊಡ್ಡ ಲಾಭದ ಗುಂಪು ಇಲ್ಲಿ ಬರೆದ 'ಬೆಂಗಳೂರು ಬಸ್ಸು' ಅವರ ಮಾತು ಕೇಳಿತ್ತು. ಒಬ್ಬನ ಮಾವ ಮೈಸೂರಿಗೆ ಹೋಗುವವರಿದ್ದರು. 60 ಕಟ್ಟು ಅವರ ಕೈಯಲ್ಲಿ ಕಳಿಸಿ, ಅಲ್ಲಿನ ಗುರುತಿನ ಮನೆಗಳಿಗೆ 20ರಂತೆ ಕೊಟ್ಟರು. ಬಂದದ್ದು 1,200. ಸೊಪ್ಪು ಮನೇದು, ಆದರೂ 5ರಂತೆ 300 ಬರೆದಿದ್ದಾರೆ. ಸಾಗಣೆ ಖರ್ಚು ಅನ್ನುವ ಕಡೆ ಸೊನ್ನೆ. ಯಾಕೋ ಅಂದೆ. 'ಮಾವ ಹೇಗೂ ಹೋಗುತ್ತಿದ್ದರು ಸರ್.'

ನಷ್ಟದ ಗುಂಪು ಯಾರದ್ದು ಅಂದರೆ, ಸೊಪ್ಪು ಸೂಚಿಸಿದ ಹುಡುಗಿಯದ್ದೇ. ಅವರ ಗುಂಪಿನಲ್ಲಿ ಯಾರ ಹಿತ್ತಲಲ್ಲೂ ಸೊಪ್ಪು ಇರಲಿಲ್ಲ. 40 ಕಟ್ಟು 5ರಂತೆ ಕೊಂಡರು, 200. ಬಸ್ಸಿಗೆ 60. ಕಟ್ಟಲು ಬಾಳೆನಾರು 10. ಒಟ್ಟು 270. ಇವರು ತಲುಪುವಷ್ಟರಲ್ಲಿ ಬೆಲೆ ಬಿದ್ದಿತ್ತು. 14 ಕಟ್ಟು 10ರಂತೆ ಹೋಯಿತು, ಕತ್ತಲಾದ ಮೇಲೆ 6 ಕಟ್ಟು 3ರಂತೆ. ಬಂದದ್ದು 158. ನಷ್ಟ 112. ಆರು ಜನರ ಎರಡೆರಡು ಗಂಟೆ ಮೈಗೆಲಸ 240 ಸೇರಿಸಿದರೆ 352. ಲೆಕ್ಕ ಮಾತ್ರ ಏಳು ಗುಂಪಿನಲ್ಲಿ ಇವರದ್ದೇ ಚೊಕ್ಕ.

ಈಗ ನನ್ನ ತಲೆನೋವು. ಸಾಲದ 300ರಲ್ಲಿ ಅವರ ಹತ್ತಿರ 188 ಇದೆ. 112 ಬಿಟ್ಟುಬಿಡಿ ಅಂದೆ. ಆ ಹುಡುಗಿ ಒಪ್ಪುತ್ತಿಲ್ಲ. ತಲೆಗೆ 18 ರೂಪಾಯಿ ಚಿಲ್ಲರೆ ಹಾಕಿ ಕೊಡುತ್ತೇವೆ ಅನ್ನುತ್ತಾಳೆ. ಅವಳ ಮನೆಗೆ 18 ರೂಪಾಯಿ ಏನು ಅಂತ ನನಗೆ ಗೊತ್ತು.

ಬ್ಯಾಂಕ್ ಕೌಂಟರ್ · ಆಗಸ್ಟ್ 5, ರಾತ್ರಿ 9.00

ತಗೊಳ್ಳಿ ಮೇಷ್ಟ್ರೇ. ಬಿಟ್ಟರೆ ಸಾಲ ಅಂದರೆ ಏನು ಅನ್ನುವುದೇ ಹೋಯಿತು.

ಕಾಡಂಚಿನ ಟೀಚರ್ · ಆಗಸ್ಟ್ 5, ರಾತ್ರಿ 9.06

ತಗೊಳ್ಳಬೇಡಿ. ಹಿತ್ತಲು ಇದ್ದವರು ಗೆದ್ದರು, ಇಲ್ಲದವರು ಸೋತರು. ಅವಳು ತಪ್ಪು ಮಾಡಿದ್ದಕ್ಕೆ ಬಂದ ನಷ್ಟ ಅಲ್ಲ ಇದು. ಮೈಸೂರಿನ ಮಾವ ಎಲ್ಲರಿಗೂ ಇರುತ್ತಾರಾ?

ತೋಟದವ · ಆಗಸ್ಟ್ 5, ರಾತ್ರಿ 9.20

ಟೀಚರ್ ಹೇಳಿದ್ದು ನಿಜ. ಆದರೆ ಆ ಹುಡುಗಿ ತಾನಾಗಿ ಕೊಡುತ್ತೇನೆ ಅನ್ನುವಾಗ ಬೇಡ ಅನ್ನಲು ನಾವು ಯಾರು? ಕಂತಿನಲ್ಲಿ ಕೊಡಲಿ. ಮಾವನ ಬಸ್ ಚಾರ್ಜನ್ನು ಆ ಹುಡುಗರ ಪುಸ್ತಕದಲ್ಲಿ ಹಾಕಿಸಿ, ಬಿಡಬೇಡಿ.

ಪೇಟೆ ಅಂಗಡಿ · ಆಗಸ್ಟ್ 6, ಬೆಳಿಗ್ಗೆ 6.55

40 ಕಟ್ಟಿನಲ್ಲಿ 20 ಮಾರಿದರು. ಉಳಿದ 20 ಎಲ್ಲಿ? ಯಾರೂ ಕೇಳಲಿಲ್ಲವಲ್ಲ.

ಸಮಾಜ ಮೇಷ್ಟ್ರು · ಆಗಸ್ಟ್ 6, ಸಂಜೆ 5.50

ಅಂಗಡಿಯವರೇ, ನಾನೂ ಕೇಳಿರಲಿಲ್ಲ. ಇವತ್ತು ಕೇಳಿದೆ. ಮದ್ದು ಸೊಪ್ಪಿನ ಕಡ್ಡಿ ಊರಿದರೆ ಚಿಗುರುತ್ತದೆ. 3ನೇ ತಾರೀಕು ಬೆಳಿಗ್ಗೆ ಆ ಆರು ಜನ ಎಲೆ ಬಾಡಿದ 20 ಕಟ್ಟನ್ನೂ ತಂದು ಶಾಲೆಯ ಬೇಲಿ ಉದ್ದಕ್ಕೂ ನೆಟ್ಟಿದ್ದಾರೆ. ಯಾರಿಗೂ ಹೇಳಿಲ್ಲ. ಮುಂದಿನ ಕಕ್ಕಡಕ್ಕೆ ಕೊಳ್ಳುವ ಖರ್ಚು ಇರುವುದಿಲ್ಲವಂತೆ.

ಅದಕ್ಕೆ ಪುಸ್ತಕದಲ್ಲಿ ಏನು ಬೆಲೆ ಹಾಕಲಿ ಅಂತ ಕೇಳುತ್ತಿದ್ದಾಳೆ.

ಬ್ಯಾಂಕ್ ಕೌಂಟರ್ · ಆಗಸ್ಟ್ 6, ಸಂಜೆ 6.10

ಕೊಂಡ ಬೆಲೆ. 20 ಕಟ್ಟು, 5ರಂತೆ 100. ಕೈಯಲ್ಲಿರುವ ಮಾಲು. ನಷ್ಟ 12ಕ್ಕೆ ಇಳಿಯಿತು ನೋಡಿ.

ತೋಟದವ · ಆಗಸ್ಟ್ 6, ಸಂಜೆ 6.14

ಏಪ್ರಿಲ್, ಮೇ ರಜೆಯಲ್ಲಿ ನೀರು ಹಾಕುವವರು ಯಾರು? ಬದುಕಿದರೆ 100. ಈಗ ಸೊನ್ನೆ.

ಸಮಾಜ ಮೇಷ್ಟ್ರು · ಆಗಸ್ಟ್ 6, ಸಂಜೆ 6.30

ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆಸಿದ್ದೇನೆ.